ಮಾತು ಯಾರದ್ದು

ಮಾರ್ಚ್ ೩, ಸೋಮವಾರ

ಹೊಸ ಸಾಹೇಬರು ಬೆಳಿಗ್ಗೆ ಹತ್ತಕ್ಕೇ ಕರೆಸಿದರು. ಹಳೆ ಯಜಮಾನರ ಅಳಿಯ ಇವರು. ಮಾವ ಹಾಸಿಗೆ ಹಿಡಿದ ಮೇಲೆ ಈ ಪ್ರಕಾಶನ ಸಂಸ್ಥೆ, ಕೆಳಗಿನ ಮಹಡಿಯ ಅಚ್ಚುಕೂಟ, ನಾವು ನಲವತ್ತು ಜನ, ಎಲ್ಲವೂ ಇವರ ಕೈಗೆ ಬಂದು ಎಂಟು ತಿಂಗಳಾಯಿತು. ಎಂಟು ತಿಂಗಳಿಂದ ಇವರ ಬಾಯಲ್ಲಿ ಒಂದೇ ಪದ, ನಾಯಕತ್ವ. ಮೆಟ್ಟಿಲ ಮೇಲೆ ಸಿಕ್ಕರೂ ನಾಯಕತ್ವ, ಕೈ ತೊಳೆಯುವಲ್ಲಿ ಸಿಕ್ಕರೂ ನಾಯಕತ್ವ. ತಲೆ ಚಿಟ್ಟು ಹಿಡಿದುಹೋಗಿದೆ.

ಎರಡು ಕೆಲಸ ಹೇಳಿದರು. ನಾವು ಹಿಂದೆ ಆರು ಸಂಪುಟಗಳಲ್ಲಿ ತಂದ ಫ್ರೆಂಚ್ ಐತಿಹಾಸಿಕ ಕಾದಂಬರಿಯಿಂದ ನಾಯಕತ್ವ, ನಿಷ್ಠೆ, ಪ್ರೀತಿ ಈ ಮೂರರ ಬಗ್ಗೆ ನೂರು ಒಳ್ಳೆಯ ಮಾತು ಹೆಕ್ಕಿ ಅಂಗೈಯಗಲದ ಒಂದು ಪುಸ್ತಕ ಮಾಡಬೇಕು. ಯಾವುದೋ ಉದ್ಯಮಿಗಳ ಸಮ್ಮೇಳನದಲ್ಲಿ ಅದನ್ನು ಹಂಚುತ್ತಾರಂತೆ.

"ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ? ಆರೂ ಸಂಪುಟ ಮೂರು ಮೂರು ಸಲ ಓದಿದೀರಿ," ಅಂದರು.

ಹೌದು ಅಂದೆ. ಬೇರೆ ಏನು ಹೇಳಲಿ?

ಎರಡನೆಯದು, ಪ್ರತಿ ವಿಭಾಗದ ಮುಖ್ಯಸ್ಥರೂ ಒಂದು ಹೆಸರು ಬರೆದು ಕೊಡಬೇಕು. ಏಪ್ರಿಲ್ ಒಂದರಿಂದ ಅವರು ಕೆಲಸಕ್ಕೆ ಬೇಡ. ನಮ್ಮ ಕರಡು ತಿದ್ದುವ ವಿಭಾಗದಲ್ಲಿ ಇರುವವರೇ ಮೂವರು. ನಾನು, ಕನ್ನಡಕದವನು, ನನಗೆ ಗಟ್ಟಿಯಾಗಿ ಓದಿ ಹೇಳುವ ಓದುಗಿತ್ತಿ. ಅಲ್ಲೇ, ಅವರ ಮೇಜಿನ ಮೇಲೆ, ಅವರ ಪೆನ್ನಿನಲ್ಲೇ ಬರೆದು ಕೊಟ್ಟೆ. ಕನ್ನಡಕದವನಿಗೆ ಶಾಲೆಗೆ ಹೋಗುವ ಎರಡು ಮಕ್ಕಳಿವೆ. ನಾನು ಮುಖ್ಯಸ್ಥ. ಉಳಿದದ್ದು ಒಂದೇ ಹೆಸರು. ಓದುಗಿತ್ತಿಗೆ ಹಿಂದೆಮುಂದೆ ಯಾರೂ ಇಲ್ಲ, ತಾಯಿ ಬಿಟ್ಟುಹೋದ ಮನೆಯಿದೆ. ಅರ್ಥ ಮಾಡಿಕೊಳ್ಳುತ್ತಾರೆ. ಪತ್ರ ತಿಂಗಳ ಕೊನೆಗೆ ಕೊಡುತ್ತೇವೆ, ಅಲ್ಲಿಯವರೆಗೆ ಬಾಯಿ ಬಿಡಬೇಡಿ ಅಂದರು ಸಾಹೇಬರು. ನಾನ್ಯಾಕೆ ಬಿಡಲಿ.

ವಾಪಸ್ ಬರುವಷ್ಟರಲ್ಲಿ ನನ್ನ ಚಹಾದ ಮೇಲೆ ಓದುಗಿತ್ತಿ ತಟ್ಟೆ ಮುಚ್ಚಿಟ್ಟಿದ್ದರು. ಆದರೂ ತಣ್ಣಗಾಗಿತ್ತು. ಸರಿಯಾಗಿ ಮುಚ್ಚಲಿಕ್ಕೂ ಬರುವುದಿಲ್ಲ.

ಮಾರ್ಚ್ ೫, ಬುಧವಾರ

ಇಲ್ಲಿ ಬರೆಯುವುದನ್ನು ಯಾರೂ ಓದುವುದಿಲ್ಲವಾದ್ದರಿಂದ ಒಪ್ಪಿಕೊಳ್ಳುತ್ತೇನೆ. ಆ ಕಾದಂಬರಿಯಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ.

ಆರು ಸಂಪುಟ, ಮೂರು ಸಲ, ಅಕ್ಷರ ಅಕ್ಷರ ನೋಡಿದ್ದೇನೆ. ಒಂದೇ ಒಂದು ಕೊಂಬು, ಒಂದೇ ಒಂದು ಒತ್ತು ತಪ್ಪಿ ಹೋಗಿಲ್ಲ. ಆದರೆ ರಾಜ ಕೊನೆಗೆ ಬದುಕಿದನೋ ಸತ್ತನೋ ಕೇಳಬೇಡಿ. ನನಗೆ ಕೆಲಸ ಕಲಿಸಿದ ಮುದುಕರು ಮೊದಲ ದಿನವೇ ಹೇಳಿದ್ದರು, ಕಥೆಯ ಬೆನ್ನು ಹತ್ತಿದೆಯೋ, ಕಾಗುಣಿತ ಕೈಬಿಡುತ್ತದೆ. ಅಂದಿನಿಂದ ನಾನು ಯಾವ ಪುಸ್ತಕದ ಕಥೆಯ ಬೆನ್ನೂ ಹತ್ತಿಲ್ಲ. ಮೂವತ್ತು ವರ್ಷ.

ನಮ್ಮ ಪದ್ಧತಿ ಹಳೆಯದು. ಓದುಗಿತ್ತಿ ಮೂಲ ಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾರೆ, ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ, ಎಲ್ಲವನ್ನೂ ಸೇರಿಸಿ. ನಾನು ಎದುರಿಗೆ ಕೂತು ಕರಡಿನ ಮೇಲೆ ಕಣ್ಣಿಟ್ಟು ಕೆಂಪು ಶಾಯಿಯಲ್ಲಿ ತಿದ್ದುತ್ತೇನೆ. ಹೀಗೆ ಇಪ್ಪತ್ತೊಂದು ವರ್ಷ. ಕನ್ನಡಕದವನು ಮಾತ್ರ ಒಬ್ಬನೇ ತಿದ್ದುತ್ತಾನೆ, ಅದಕ್ಕೇ ಅವನ ಕೆಲಸ ಹಾಗಿದೆ. ಪುಸ್ತಕವಷ್ಟೇ ಅಲ್ಲ, ಈ ಕಟ್ಟಡದಿಂದ ಹೊರಬೀಳುವ ಯಾವ ಕಾಗದವೂ ನಮ್ಮ ಮುದ್ರೆಯಿಲ್ಲದೆ ಹೋಗುವ ಹಾಗಿಲ್ಲ. ಪುಸ್ತಕ ಮಾಡುವವರ ಪತ್ರದಲ್ಲಿ ತಪ್ಪಿದ್ದರೆ ಮಾನ ಹೋಗುತ್ತದೆ ಎಂದು ಹಳೆ ಯಜಮಾನರು ಮಾಡಿದ ನಿಯಮ. ನೀರಿನ ಪೈಪ್ ದುರಸ್ತಿಯ ಚೀಟಿಯನ್ನೂ ಓದುಗಿತ್ತಿ ನನಗೆ ರಾಗವಾಗಿ ಓದಿ ಹೇಳಿದ್ದಾರೆ.

ಇವತ್ತು ಮೊದಲ ಸಂಪುಟ ತೆಗೆದು ಚೆನ್ನಾಗಿ ಕಂಡ ವಾಕ್ಯಗಳಿಗೆಲ್ಲ ಗೆರೆ ಎಳೆಯತೊಡಗಿದೆ. ಆ ಫ್ರೆಂಚ್ ಮಹಾಶಯನಿಗೆ ಹೇಳಲು ಬಾರದ ವಿಷಯವೇ ಇಲ್ಲ. ಪುಟಕ್ಕೆ ಮೂರು ಉಪದೇಶ. ಮಧ್ಯಾಹ್ನದ ಹೊತ್ತಿಗೆ ಹದಿನೆಂಟು ಸಿಕ್ಕವು. ಇಷ್ಟೇನಾ ಕೆಲಸ ಅನ್ನಿಸಿತು.

ಮಾರ್ಚ್ ೬, ಗುರುವಾರ

ಅರವತ್ತಾಯಿತು. ಎಲ್ಲಾದರೂ ಮಿಂಚುವ ವಾಕ್ಯ ಕಂಡರೆ ಗೆರೆ. ಓದುಗಿತ್ತಿ ಎದುರಿನಿಂದ ನೋಡುತ್ತಿದ್ದರು. ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿದರು. ಈ ಬಾಯಿ ತೆರೆದು ಮುಚ್ಚುವುದೊಂದು ನನಗೆ ಮೈಯೆಲ್ಲ ಉರಿ. ಹೇಳುವುದಿದ್ದರೆ ಹೇಳಬೇಕು.

ಮಾರ್ಚ್ ೧೦, ಸೋಮವಾರ

ಹೇಳಿದರು.

ಈವರೆಗಿನ ಅರವತ್ತರ ಪಟ್ಟಿಯನ್ನು ಒಮ್ಮೆ ಗಟ್ಟಿಯಾಗಿ ಓದಿ ಅಂದೆ. ಮೊದಲ ಮಾತು ನನಗೆ ಬಹಳ ಹಿಡಿಸಿದ್ದು. 'ಬಾಗಿಲು ಕಾಯುವುದು ನಿಷ್ಠೆಯಲ್ಲ. ಬಾಗಿಲು ಮುರಿದ ಮೇಲೂ ಅಲ್ಲೇ ನಿಂತಿರುವುದು ನಿಷ್ಠೆ.' ಓದುಗಿತ್ತಿ ಓದಿದರು. ಎರಡನೆಯದಕ್ಕೆ ಹೋಗಲಿಲ್ಲ.

"ಸಾರ್, ಇದು ಯಾರು ಹೇಳಿದ್ದು ಅಂತ ಗೊತ್ತಾ?"

"ಕಾದಂಬರಿಕಾರ ಹೇಳಿದ್ದು."

"ಅಲ್ಲ ಸಾರ್. ಮಂತ್ರಿ ಹೇಳಿದ್ದು. ಹೇಳಿದ ಮೂರನೇ ದಿನ ಅವನೇ ಹಿಂಬಾಗಿಲು ತೆಗೆದು ಶತ್ರುಗಳನ್ನ ಒಳಗೆ ಬಿಡ್ತಾನೆ."

ನನಗೆ ಮೂಗಿನ ತುದಿಯಲ್ಲೇ ಕೋಪ. ಎರಡನೆಯದು ಯಾರದ್ದು ಅಂದೆ. ಅದೂ ಮಂತ್ರಿಯದು. ಮೂರನೆಯದು? ಮಂತ್ರಿಯ ಅಣ್ಣನದು, ಅವನೂ ಅದೇ ಗಿರಾಕಿ. ಹೀಗೆ ಒಂದೊಂದಾಗಿ ಕೇಳುತ್ತ ಹೋದೆ. ಅರವತ್ತರಲ್ಲಿ ನಲವತ್ತೊಂದು ಆ ಒಬ್ಬ ಮಂತ್ರಿಯ ಮಾತು! ನಾಯಕತ್ವದ ಪಟ್ಟಿಯಲ್ಲಿ 'ಮುಂದೆ ನಡೆಯುವವನು ಹಿಂದಿರುಗಿ ನೋಡಬಾರದು' ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಬೇಕೆಂದಿದ್ದೆ.

"ಅದು ಎರಡನೇ ಸಂಪುಟದ ದಂಡನಾಯಕ," ಅಂದರು. "ಜೌಗಿನ ಮೇಲೆ ಸೈನ್ಯ ನಡೆಸ್ಕೊಂಡು ಹೋಗ್ತಾನೆ. ಹಿಂದೆ ಮುನ್ನೂರು ಜನ ಕೆಸರಲ್ಲಿ ಹೂತುಹೋಗ್ತಾರೆ. ಅವನು ಹಿಂದಿರುಗಿ ನೋಡೋದೇ ಇಲ್ಲ."

ಹೇಳಿ ನಕ್ಕರು. ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ, ಭುಜ ಮಾತ್ರ ಕುಣಿಯುತ್ತದೆ. ನನಗೆ ಅವಮಾನವಾಯಿತು. ಇಪ್ಪತ್ತೊಂದು ವರ್ಷ ನನ್ನ ಎದುರಿಗೆ ಕೂತು, ವಿರಾಮ ಚಿಹ್ನೆಗಳ ಮಧ್ಯೆ, ಈಕೆ ಕಥೆ ಓದಿಕೊಳ್ಳುತ್ತಿದ್ದರು! ಅದೂ ಸಂಬಳ ತೆಗೆದುಕೊಂಡು.

"ನಿಮಗೆ ಮೊದಲೇ ಗೊತ್ತಿದ್ದರೆ ಗುರುವಾರವೇ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ರೆ ತಾನೇ?"

ಪಟ್ಟಿ ಹರಿದು ಹಾಕಿದೆ. ಮತ್ತೆ ಮೊದಲಿನಿಂದ.

ಮಾರ್ಚ್ ೧೩, ಗುರುವಾರ

ಬೇರೆ ದಾರಿಯಿಲ್ಲ. ದಿನಾ ಊಟವಾದ ಮೇಲೆ ಓದುಗಿತ್ತಿಯನ್ನು ಕೂರಿಸಿಕೊಂಡು ಯಾರು ಏನು ಹೇಳಿದರು, ಹೇಳಿ ಏನು ಮಾಡಿದರು ಎಂದು ಕೇಳಬೇಕು. ಅವರ ನೆನಪು ನೋಡಿದರೆ ಹೊಟ್ಟೆ ಉರಿಯುತ್ತದೆ. ಮೂರನೇ ಸಂಪುಟ, ಇನ್ನೂರನೇ ಪುಟದ ಹತ್ತಿರ, ರಾಣಿ ಕೈಗವಸು ಬೀಳಿಸಿದ ಕಡೆ ನೋಡಿ ಅನ್ನುತ್ತಾರೆ. ನೋಡಿದರೆ ಅಲ್ಲೇ ಇದೆ.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಭಾವ ಹೋದಾಗಿನಿಂದ ಅಕ್ಕ, ಮದುವೆಯ ಗೋಜಿಗೇ ಹೋಗದ ನನ್ನ ಜೊತೆಗಿದ್ದಾಳೆ. ಮನೆಗೆ ಬಂದು ಯಾರನ್ನಾದರೂ ಬೈದುಕೊಳ್ಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ, ಅದು ಅವಳಿಗೂ ಗೊತ್ತು.

"ಅವಳು ಹೀಗೆ ನಕ್ಕಳು, ಅವಳು ಹಾಗೆ ಓದಿದಳು, ಅವಳು ಬೂದುಬಣ್ಣದ ಸೀರೆ ಉಟ್ಟಿದ್ದಳು. ಇದನ್ನೆಲ್ಲ ನನಗ್ಯಾಕೋ ಹೇಳ್ತೀಯ?" ಅಂದಳು.

"ಬೈತಾ ಇದೀನಿ ಕಣೇ."

"ಬೈಯೋದಕ್ಕೆ ಸೀರೆ ಬಣ್ಣ ಯಾಕೆ ಬೇಕೋ?"

ಅಕ್ಕನ ಹತ್ತಿರ ಮಾತಾಡಿ ಪ್ರಯೋಜನವಿಲ್ಲ.

ಮಾರ್ಚ್ ೧೮, ಮಂಗಳವಾರ

ನಾಯಕತ್ವದ ಮಾತು ಸಿಗುತ್ತಿಲ್ಲ. ಸಿಗುವುದೆಲ್ಲ ಕಳ್ಳರ ಮಾತು. ಇವತ್ತು ರೇಗಿ ಕೇಳಿದೆ, "ಹಾಗಾದರೆ ಇಡೀ ಕಾದಂಬರಿಯಲ್ಲಿ ಒಬ್ಬನಾದರೂ ನೆಟ್ಟಗಿರುವ ನಾಯಕ ಇಲ್ಲವೇನು ಇವರೇ?"

(ಇವರೇ ಎಂದೇ ಕರೆಯುವುದು ನಾನು. ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಅವರು ನನ್ನನ್ನು ಸಾರ್ ಅನ್ನುತ್ತಾರೆ.)

"ಇದಾನಲ್ಲ, ಮುದಿ ಸರದಾರ," ಅಂದರು. ಮುಖ ಅರಳಿತು. "ಐದನೇ ಸಂಪುಟದಲ್ಲಿ ಸೈನ್ಯ ಸೋತು ವಾಪಸ್ ಬರ್ತಾ ಇರುತ್ತೆ. ಗಾಯ ಆದವರನ್ನ ದಾರೀಲೇ ಬಿಟ್ಟು ಬಾ ಅಂತ ರಾಜಾಜ್ಞೆ ಬರುತ್ತೆ. ಸರದಾರ ಆಜ್ಞೆ ಓದ್ತಾನೆ, ಮಡಚಿ ಜೇಬಲ್ಲಿ ಇಟ್ಕೋತಾನೆ."

"ಆಮೇಲೆ ಏನನ್ನುತ್ತಾನೆ?"

"ಏನೂ ಅನ್ನಲ್ಲ ಸಾರ್. ಕುದುರೆಯಿಂದ ಇಳೀತಾನೆ. ಒಬ್ಬ ಗಾಯಾಳುನ ಎತ್ತಿ ಅದರ ಮೇಲೆ ಕೂರಿಸ್ತಾನೆ. ಉಳಿದ ಅಧಿಕಾರಿಗಳೂ ಒಬ್ಬೊಬ್ಬರಾಗಿ ಇಳೀತಾರೆ."

"ಪುಸ್ತಕಕ್ಕೆ ಏನು ಹಾಕಲಿ? 'ಇಳಿದನು' ಅಂತಲಾ?"

"ಹಾಕೋಕಾಗಲ್ಲ," ಅಂದರು. ಅವರಿಗೂ ಬೇಸರವಾದಂತಿತ್ತು.

ಆ ಪುಟ ತೆಗೆದು ನೋಡಿದೆ. ಮೂರು ಸಲ ತಿದ್ದಿದ ಪುಟ. 'ಗಾಯಾಳು' ಎಂಬಲ್ಲಿ ನಾನೇ ಒಂದು ದೀರ್ಘ ಸರಿಪಡಿಸಿದ್ದು ನೆನಪಿದೆ. ಆ ಗಾಯಾಳುವಿನ ಮುಖ ಮಾತ್ರ ನೋಡಿರಲಿಲ್ಲ.

ಆಮೇಲೆ ಇಡೀ ಮಧ್ಯಾಹ್ನ ನನಗೆ ಕಿರಿಕಿರಿ. ಫ್ಯಾನಿನ ಶಬ್ದ, ಕನ್ನಡಕದವನ ಕೆಮ್ಮು, ಕುರ್ಚಿಯ ಕಾಲು. ಹೇಳಿಬಿಡೋಣ ಎಂದು ಎರಡು ಸಲ ಪೆನ್ನು ಕೆಳಗಿಟ್ಟೆ. ಸಾಹೇಬರಿಗೆ ಮಾತು ಕೊಟ್ಟಿದ್ದೇನೆ, ಅದೂ ನಿಷ್ಠೆಯೇ ಅಲ್ಲವೇ? ಇನ್ನು ಹತ್ತೇ ದಿನ. ಪತ್ರ ಬಂದಾಗ ತಾನಾಗಿ ಗೊತ್ತಾಗುತ್ತದೆ. ಅರ್ಥ ಮಾಡಿಕೊಳ್ಳುತ್ತಾರೆ.

ಮಾರ್ಚ್ ೨೦, ಗುರುವಾರ

ಓದುಗಿತ್ತಿ ರಜೆ. ಗಂಟಲು ಕಟ್ಟಿದೆಯಂತೆ. ಒಬ್ಬನೇ ತಿದ್ದಲು ಕೂತೆ. ಎರಡು ಪುಟಕ್ಕೆ ಒಂದು ಗಂಟೆ. ಕನ್ನಡಕದವನನ್ನು ಓದಲು ಕೂರಿಸಿಕೊಂಡರೆ ಅವನು ಬಸ್ಸು ಹಿಡಿಯುವವನ ಹಾಗೆ ಓದುತ್ತಾನೆ. ಬೈದು ಕಳಿಸಿದೆ. ಏಪ್ರಿಲ್‌ನಿಂದ ದಿನಾ ಹೀಗೇ ಎಂದು ಹೊಳೆದಾಗ ಗಾಬರಿಯಾಯಿತು. ಕೆಲಸ ಕೆಡುತ್ತದಲ್ಲ ಎಂದು.

ಸಂಜೆ ಅವರ ಬೀದಿಯ ಕಡೆಯಿಂದ ನಡೆದುಕೊಂಡು ಬಂದೆ. ನಮ್ಮ ಮನೆಗೆ ಅದು ಸುತ್ತು ದಾರಿ, ಆದರೂ ಕಾಲಿಗೆ ವ್ಯಾಯಾಮ. ಕಿಟಕಿ ಮುಚ್ಚಿತ್ತು.

ಮಾರ್ಚ್ ೨೪, ಸೋಮವಾರ

ಬಂದರು. ದನಿ ಇನ್ನೂ ಗೊಗ್ಗರು. ಬಿಸಿನೀರು ಕುಡಿಯಿರಿ ಅಂದೆ, ಕುಡೀತಾ ಇದೀನಿ ಸಾರ್ ಅಂದರು. ಅಷ್ಟಕ್ಕೇ ಅರ್ಧ ದಿನ ಚೆನ್ನಾಗಿತ್ತು.

ಪ್ರೀತಿಯ ಭಾಗ ಉಳಿದಿತ್ತು. ಅದೇ ಸುಲಭ ಎಂದುಕೊಂಡಿದ್ದೆ, ಫ್ರೆಂಚರಲ್ಲವೇ. ಹುಡುಕಿದರೆ ಪ್ರೀತಿಯ ಬಗ್ಗೆ ಉದ್ದುದ್ದ ಮಾತಾಡುವವರೆಲ್ಲ ಮೋಸಗಾರರು, ಇಲ್ಲವೇ ಹದಿನೆಂಟರ ಎಳಸುಗಳು.

"ನಾಲ್ಕನೇ ಸಂಪುಟದಲ್ಲಿ ಸರದಾರ ಮತ್ತೆ ಅವನ ಹೆಂಡತಿ ಇದಾರಲ್ಲ," ಅಂದರು ಓದುಗಿತ್ತಿ. "ಅವನು ಯುದ್ಧಕ್ಕೆ ಹೊರಟಿರ್ತಾನೆ. ಇಬ್ಬರೂ ಹನ್ನೊಂದು ಪುಟ ಜಗಳ ಆಡ್ತಾರೆ, ಬೂಟಿನ ವಿಷಯಕ್ಕೆ. ಹಳೇ ಬೂಟು ಹಾಕ್ಕೋ ಅಂತ ಅವಳು, ಹೊಸದು ಅಂತ ಅವನು. ಕಾಲು ಹುಣ್ಣಾಗುತ್ತೆ ಅಂತ ಅವಳು, ಮರ್ಯಾದೆ ಪ್ರಶ್ನೆ ಅಂತ ಅವನು. ಕೊನೆಗೆ ಅವನು ಹೊರಟ ಮೇಲೆ ನೋಡಿದ್ರೆ ಹೊಸ ಬೂಟು ಮೂಲೇಲಿ ಬಿದ್ದಿರುತ್ತೆ."

"ಪ್ರೀತಿ ಎಲ್ಲಿ ಬಂತು?"

"ಅದೇ ಸಾರ್ ಪ್ರೀತಿ. ಅದರಲ್ಲಿ ಒಂದು ವಾಕ್ಯ ಕಿತ್ತು ತೆಗೆಯೋಕಾಗಲ್ಲ, ಅಷ್ಟೆ."

ಕನ್ನಡಕದವನು ನಮ್ಮಿಬ್ಬರನ್ನೂ ನೋಡಿ ಅನಗತ್ಯವಾಗಿ ಕೆಮ್ಮಿದ.

ನಾನು ಬೇಸರದಿಂದ ಆ ಹನ್ನೊಂದು ಪುಟ ಓದಲು ತೆಗೆದೆ. ಮುಗಿಸುವಷ್ಟರಲ್ಲಿ ಐದು ಗಂಟೆ. ಒಂದು ಅಚ್ಚಿನ ತಪ್ಪು ಸಿಕ್ಕಿತು, ಏಳು ವರ್ಷದಿಂದ ಅಲ್ಲೇ ಇದೆ. ಅದರ ಬಗ್ಗೆ ಸಿಟ್ಟು ಬರಬೇಕಿತ್ತು. ಮರೆತೇಹೋಯಿತು, ಮುಂದಿನ ಪುಟ ತಿರುಗಿಸಿದ್ದೆ.

ಮಾರ್ಚ್ ೨೭, ಗುರುವಾರ

ಹೇಗೆ ಬರೆಯಲಿ?

ಮಧ್ಯಾಹ್ನ ಮೂರು ಗಂಟೆಗೆ ಕಚೇರಿಯಿಂದ ಎಂದಿನಂತೆ ಕಾಗದದ ಕಟ್ಟು ಬಂತು. ಒಂದು ಜಾಹೀರಾತು, ಕಾಗದದ ಅಂಗಡಿಗೆ ಒಂದು ದೂರು, ಕೆಳಗೆ ಕೆಲವು ಪತ್ರಗಳು. ಗುಮಾಸ್ತನಿಗೆ ನಿಯಮ ಅಂದರೆ ನಿಯಮ, ಯಾವ ಕಾಗದ ಎಂದು ಅವನೂ ನೋಡುವುದಿಲ್ಲ. ಅವನೂ ನನ್ನ ಹಾಗೆಯೇ.

ಓದುಗಿತ್ತಿ ಮೇಲಿನಿಂದ ಒಂದೊಂದೇ ತೆಗೆದು ಓದುತ್ತ ಬಂದರು. ನಾಲ್ಕನೆಯದನ್ನು ಶುರು ಮಾಡಿದಾಗಲೂ ನನ್ನ ಕಣ್ಣು ನನ್ನ ಪ್ರತಿಯ ಕಾಗುಣಿತದ ಮೇಲೇ ಇತ್ತು. "ಮಾನ್ಯರೇ, ಅಲ್ಪವಿರಾಮ. ಸಂಸ್ಥೆಯ ಪುನರ್‌ರಚನೆಯ ಭಾಗವಾಗಿ, ಅಲ್ಪವಿರಾಮ, ವಿಭಾಗಕ್ಕೆ ಒಬ್ಬರಂತೆ, ಅಲ್ಪವಿರಾಮ, ಕರಡು ತಿದ್ದುವ ವಿಭಾಗದ ಮುಖ್ಯಸ್ಥರು ಮಾರ್ಚ್ ಮೂರರಂದು ಮಾಡಿದ ಶಿಫಾರಸಿನ ಮೇರೆಗೆ, ಅಲ್ಪವಿರಾಮ," ಅಲ್ಲಿಗೆ ನನ್ನ ಕೈ ನಿಂತಿತು. ಅವರು ನಿಲ್ಲಿಸಲಿಲ್ಲ. ತಮ್ಮ ಹೆಸರು ಓದಿದರು. ಇನಿಷಿಯಲ್ ಓದಿದರು, ಅದರ ಪಕ್ಕದ ಚುಕ್ಕಿ ಓದಿದರು. ಇಪ್ಪತ್ತೊಂದು ವರ್ಷಗಳ ಸೇವೆ ಎಂಬುದನ್ನು ಓದಿದರು. ಏಪ್ರಿಲ್ ಒಂದನೆಯ ತಾರೀಖಿನಿಂದ ಎಂಬುದನ್ನು ಓದಿದರು. ದನಿ ಎಲ್ಲೂ ಮೇಲಾಗಲಿಲ್ಲ, ಕೆಳಗಾಗಲಿಲ್ಲ. "ತಮ್ಮ ಮುಂದಿನ ಬದುಕಿಗೆ ಶುಭ ಹಾರೈಸುತ್ತೇವೆ, ಪೂರ್ಣವಿರಾಮ."

ಕಾಗದ ಕೆಳಗಿಟ್ಟು, "ತಪ್ಪಿದೆಯಾ ಸಾರ್?" ಅಂದರು.

"ಇಲ್ಲ," ಅಂದೆ.

"ಹಾಗಾದ್ರೆ ಮುದ್ರೆ ಒತ್ತಿ."

ಒತ್ತಿದೆ. ಕೈಗೆ ಅಭ್ಯಾಸವಾಗಿಹೋಗಿದೆ, ಒತ್ತಿಬಿಟ್ಟಿತು. ಇದನ್ನು ಬರೆಯುವಾಗ ಆ ಕೈಯನ್ನು ಕಡಿದು ಹಾಕಬೇಕು ಅನ್ನಿಸುತ್ತಿದೆ.

ಅವರು ಮುಂದಿನ ಕಾಗದ ತೆಗೆದು ಓದಿದರು. ಅದರ ಮುಂದಿನದನ್ನೂ. ಐದು ಗಂಟೆಗೆ ಚೀಲ ಎತ್ತಿಕೊಂಡು ಬಾಗಿಲ ಹತ್ತಿರ ನಿಂತು ಹೇಳಿದರು, "ಹೆಸರು ಕೊಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ ಸಾರ್. ಮೂವರಲ್ಲಿ ಒಬ್ಬರದು ಕೊಡಬೇಕಿತ್ತು. ಆದ್ರೆ ಒಂದು ತಿಂಗಳು ಎದುರಿಗೆ ಕೂರಿಸ್ಕೊಂಡು ನನ್ನ ಕೈಲೇ ನಿಷ್ಠೆ ಮಾತು ಹುಡುಕಿಸಿದ್ರಲ್ಲ."

ಅರ್ಥ ಮಾಡಿಕೊಳ್ಳುತ್ತಾರೆ ಎಂದಿದ್ದೆ. ಚೆನ್ನಾಗಿಯೇ ಅರ್ಥ ಮಾಡಿಕೊಂಡಿದ್ದಾರೆ.

ಮಾರ್ಚ್ ೨೮, ಶುಕ್ರವಾರ

ಸಾಹೇಬರು ಬರುವ ಮುಂಚೆಯೇ ಅವರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಓದುಗಿತ್ತಿಯ ಪತ್ರ ವಾಪಸ್ ತೆಗೆದುಕೊಳ್ಳಬೇಕು ಅಂದೆ. ಆಗಲ್ಲ, ಒಂದು ಹೆಸರು ಬೇಕೇ ಬೇಕು ಅಂದರು. ಆಗ ನನ್ನ ಬಳಿಯಿದ್ದ ಒಂದೇ ಅಸ್ತ್ರ ಬಿಟ್ಟೆ. ಆಕೆ ಇಲ್ಲದಿದ್ದರೆ ನಿಮ್ಮ ಪುಸ್ತಕದಲ್ಲಿ ನಲವತ್ತೊಂದು ಮಾತು ದ್ರೋಹಿಯದು ಇರುತ್ತಿತ್ತು, ನಿಮ್ಮ ಸಮ್ಮೇಳನದಲ್ಲಿ ಮಾನ ಹೋಗುತ್ತಿತ್ತು ಅಂದೆ. ಇಷ್ಟು ದಿನದಲ್ಲಿ ಹನ್ನೆರಡೇ ಮಾತು ಉಳಿದಿರುವುದು ಅದಕ್ಕೇ ಅಂದೆ.

ಅವರು ಕುತೂಹಲದಿಂದ ಮುಂದೆ ಬಾಗಿದರು. "ಆ ನಲವತ್ತೊಂದು ಎಲ್ಲಿದೆ?"

"ತೆಗೆದುಹಾಕಿದೆ."

"ಯಾಕ್ರೀ ತೆಗೆದ್ರಿ? ಯಾರು ಹೇಳಿದ್ರೇನು, ಮಾತು ಚೆನ್ನಾಗಿದ್ರೆ ಸಾಕು. ಓದೋರೇನು ಆರು ಸಂಪುಟ ತಿರುವಿ ನೋಡ್ತಾರಾ? ವಾಪಸ್ ಹಾಕಿ."

ಈ ಮನುಷ್ಯನನ್ನು ಬೈಯಲು ಹೊರಟರೆ ನನ್ನನ್ನೇ ಬೈದುಕೊಂಡಂತೆ. ಮೂವತ್ತು ವರ್ಷ ಯಾರು ಏನು ಹೇಳಿದರೆಂದು ನಾನೆಲ್ಲಿ ನೋಡಿದ್ದೆ?

ಮೇಜಿನ ಮೇಲೆ ಕೆಲಸಕ್ಕೆ ಬೇಡವಾದವರ ಹೆಸರಿನ ಪಟ್ಟಿ ಇತ್ತು. ಅವರದೇ ಪೆನ್ನು ತೆಗೆದುಕೊಂಡೆ, ಓದುಗಿತ್ತಿಯ ಹೆಸರಿನ ಮೇಲೆ ಗೆರೆ ಎಳೆದೆ, ಪಕ್ಕದಲ್ಲಿ ನನ್ನ ಹೆಸರು ಬರೆದೆ. ನಿವೃತ್ತಿಗೆ ಇನ್ನೂ ಒಂದೂವರೆ ವರ್ಷ ಇತ್ತು. ಬೇಡ ಬೇಡ ಅನ್ನುತ್ತಾರೆ ಎಂದು ಒಳಗೊಳಗೇ ಕಾದೆ. ಎರಡು ಸೆಕೆಂಡೂ ಆಗಲಿಲ್ಲ, ಕೈ ಕುಲುಕಿದರು.

"ಇದಪ್ಪಾ ನಾಯಕತ್ವ ಅಂದ್ರೆ! ಇದನ್ನೇ ಒಂದು ಮಾತು ಮಾಡಿ ಪುಸ್ತಕಕ್ಕೆ ಸೇರಿಸಿಬಿಡಿ."

ಇಷ್ಟು ಸುಲಭವಾಗಿ ನನ್ನನ್ನು ಬಿಟ್ಟುಕೊಟ್ಟರಲ್ಲ ಎಂಬ ಕಿಚ್ಚು ಇನ್ನೂ ಆರಿಲ್ಲ.

ಮಾರ್ಚ್ ೩೧, ಸೋಮವಾರ

ಕೊನೆಯ ದಿನ. ಕೆಂಪು ಶಾಯಿಯ ಬಾಟಲಿ, ಮುದ್ರೆ, ಬೀಗದ ಕೈ ಎಲ್ಲವನ್ನೂ ಓದುಗಿತ್ತಿಯ ಮುಂದಿಟ್ಟೆ. ವಿಭಾಗ ಇನ್ನು ಅವರದು. ಗುಮಾಸ್ತನ ಬಾಯಿಂದ ಅವರಿಗೆ ಆಗಲೇ ಎಲ್ಲ ತಿಳಿದಿತ್ತು. ಮುಖ ಗಂಟು ಹಾಕಿಕೊಂಡು ಕೂತಿದ್ದರು.

ಧನ್ಯವಾದ ನಿರೀಕ್ಷಿಸಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಿರೀಕ್ಷಿಸಿದ್ದೆ. ಒಂದು ಮಾತಾದರೂ ಆಡುತ್ತಾರೆಂದು ಐದೂವರೆಯವರೆಗೆ ಡ್ರಾಯರ್ ಒರೆಸುತ್ತಲೇ ಇದ್ದೆ. ಕನ್ನಡಕದವನು ಅತ್ತ. ಅವನು ಅಳುತ್ತಾನೆಂದು ಯಾರು ಅಂದುಕೊಂಡಿದ್ದರು? ಓದುಗಿತ್ತಿ ಮುದ್ರೆಯನ್ನು ಡ್ರಾಯರಿಗೆ ಹಾಕಿ ದಡಾರನೆ ಮುಚ್ಚಿ ಎದ್ದುಹೋದರು.

ಆ ಚಿಕ್ಕ ಪುಸ್ತಕ ಅಚ್ಚಿಗೆ ಹೋಯಿತು. ನಲವತ್ತೊಂದೂ ಇವೆ. ಮಂತ್ರಿ ಗೆದ್ದ.

ಏಪ್ರಿಲ್ ೨, ಬುಧವಾರ

ಮನೆಯಲ್ಲಿದ್ದೇನೆ. ಸಕ್ಕರೆ ಡಬ್ಬಿಯ ಚೀಟಿಯಲ್ಲಿ ಒತ್ತು ತಪ್ಪಿದೆ ಎಂದು ಅಕ್ಕನಿಗೆ ಹೇಳಿದೆ. ಹಳೇ ಪೇಪರ್ ಜೊತೆ ನಿನ್ನನ್ನೂ ತೂಕಕ್ಕೆ ಹಾಕ್ತೀನಿ ಅಂದಳು.

ಮೊದಲ ಸಂಪುಟ ಶುರುವಿನಿಂದ ಓದುತ್ತಿದ್ದೇನೆ. ನಿಧಾನ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಓದು ಸಾಗುವುದಿಲ್ಲ. ಇವತ್ತು ಎರಡು ಸಲ "ಇವರೇ" ಎಂದು ತಲೆಯೆತ್ತಿದೆ.

ಏಪ್ರಿಲ್ ೬, ಭಾನುವಾರ

ಹನ್ನೊಂದು ಗಂಟೆಗೆ ಬಾಗಿಲು ತಟ್ಟಿದ ಸದ್ದು. ತೆಗೆದರೆ ಓದುಗಿತ್ತಿ. ಬೂದುಬಣ್ಣದ ಸೀರೆ. ನಮ್ಮ ಮನೆಗೆ ಅವರು ಬಂದದ್ದು ಇದೇ ಮೊದಲು. ನಾನು ಮನೆಯ ಹಳೇ ಅಂಗಿಯಲ್ಲಿದ್ದೆ, ತೋಳು ಹರಿದಿತ್ತು.

ಕೂರಿ ಅಂದರೆ ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದರೆಂದು ಕಾಣುತ್ತದೆ, ನಿಂತಲ್ಲೇ ಶುರು ಮಾಡಿದರು.

"ಆ ಟೇಬಲ್ಲಲ್ಲಿ ನಾನೊಬ್ಬಳೇ ಕೂತ್ಕೊಂಡು ಏನು ಮಾಡ್ಲಿ ಸಾರ್? ಯಾರಿಗೆ ಓದ್ಲಿ? ಕನ್ನಡಕದವರಿಗೆ ಓದಿದ್ರೆ ಅವರು ನಿದ್ದೆ ಮಾಡ್ತಾರೆ. ನಿಮಗೆ ತ್ಯಾಗ ಮಾಡಿ ಅಂತ ಯಾರು ಹೇಳಿದ್ರು? ದೊಡ್ಡ ಸರದಾರರು!"

"ನಿಮ್ಮ ಕೆಲಸ ಉಳೀಲಿ ಅಂತ..."

"ಅದನ್ನೇ ಹೇಳ್ತಿರೋದು. ನನ್ನನ್ನ ಕೇಳದೆ ಹೆಸರು ಬರೆದ್ರಿ. ನನ್ನನ್ನ ಕೇಳದೆ ಹೊಡೆದು ಹಾಕಿದ್ರಿ. ಎರಡು ಸಲವೂ ನನಗೆ ಗೊತ್ತಾಗಿದ್ದು ಬೇರೆಯವರಿಂದ. ಇಪ್ಪತ್ತೊಂದು ವರ್ಷದಲ್ಲಿ ನೀವು ನನ್ನನ್ನ ಕೇಳಿದ್ದು ಏನು? ಅಲ್ಪವಿರಾಮ ಇದೆಯಾ ಇಲ್ವಾ, ಅಷ್ಟೆ."

ಕಣ್ಣಲ್ಲಿ ನೀರಿತ್ತು, ಸಿಟ್ಟಿನದೇ ಇರಬೇಕು. ನನಗೂ ಸಿಟ್ಟು ಬಂತು. ಕೆಲಸ ಕಳೆದುಕೊಂಡವನು ನಾನು, ಬೈಸಿಕೊಳ್ಳುವವನೂ ನಾನೇ. ಹೆಸರು ಕೊಟ್ಟದ್ದು ತಪ್ಪು, ಮುಚ್ಚಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು, ಆ ಮುದ್ರೆ ಒತ್ತಿದ್ದನ್ನು ನೆನೆದರೆ ಇವತ್ತಿಗೂ ಅನ್ನ ಸೇರುವುದಿಲ್ಲ, ನಿಮ್ಮ ದನಿಯಿಲ್ಲದೆ ನನಗೆ ಒಂದು ಪುಟ ಓದಲು ಬರುತ್ತಿಲ್ಲ, ಇನ್ನೇನು ಮಾಡಬೇಕು ಹೇಳಿ ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ನಾನು ಏನೆಂದೆ ಎಂದು ನನಗೇ ಕೇಳಿಸಿತು.

ಒಳಗೆ ಪಾತ್ರೆಯ ಸದ್ದು ನಿಂತಿತು.

ಓದುಗಿತ್ತಿ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

"ಏನಾದ್ರೂ ತೀರ್ಮಾನ ಮಾಡೋದಿದ್ರೆ ಇನ್ಮೇಲೆ ನನ್ನನ್ನ ಕೇಳಿ ಮಾಡಿ," ಅಂದರು, ದನಿ ಇಳಿಸಿ.

"ಈಗ ಏನು ಕೇಳಲಿ?"

"ಅದನ್ನೂ ನಾನೇ ಓದಿ ಹೇಳ್ಬೇಕಾ?"

ನನಗೆ ಐವತ್ತಾರು ವರ್ಷ. ಇವರೇ ಎಂದು ಶುರು ಮಾಡಿದೆ, ಸರಿಹೋಗಲಿಲ್ಲ. ಹೆಸರು ಹಿಡಿದು ಕರೆದೆ, ಕೇಳಿದೆ. ವಾಕ್ಯ ಅಡ್ಡಾದಿಡ್ಡಿಯಾಗಿತ್ತು, ಕ್ರಿಯಾಪದವೇ ಇರಲಿಲ್ಲ.

ಅವರು ಉತ್ತರ ಕೊಡುವ ಮೊದಲೇ ಅಕ್ಕ ಅಡುಗೆಮನೆಯಿಂದ ಕೂಗಿದಳು, "ಹೂಂ ಅನ್ನಮ್ಮಾ, ಇನ್ನೊಂದ್ಸಲ ಬಾಯಿ ಬಿಡೋಕೆ ಅವನಿಗೆ ಇನ್ನಿಪ್ಪತ್ತೊಂದು ವರ್ಷ ಬೇಕು!"

ಸೆರಗು ಬಾಯಿಗೆ ಹೋಯಿತು, ಭುಜ ಕುಣಿಯಿತು. ನಗು ಮುಗಿಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಹೂಂ ಅಂದರು.